ಹೊಳೆಯಾಚೆಗೊಂದು ಹೆಸರು

ಚರ್ಚು ಆಗಲೇ ನೆಲ ಬಿಟ್ಟಿತ್ತು. ಡ್ರೈ ಫೋರ್ಕ್ ಹಳ್ಳಿಯ ಆ ಬಿಳಿಯ ಮರದ ಚರ್ಚನ್ನು ಗ್ಲೆನ್ನಾ ಟ್ಯಾಕೆಟ್ ಮತ್ತು ಅವಳ ಆಳುಗಳು ಅಡಿಪಾಯದಿಂದ ಬಿಡಿಸಿ, ಜಾಕಿ ಕೊಟ್ಟು ಆಳೆತ್ತರಕ್ಕೆ ಎತ್ತಿ, ಉದ್ದನೆಯ ಉಕ್ಕಿನ ತೊಲೆಗಳ ಮೇಲೆ ಕೂರಿಸಿದ್ದರು. ಗಂಟೆಗೋಪುರ, ಬೆಂಚುಗಳು, ಭಾನುವಾರದ ಹಾಡುಗಳ ಸಂಖ್ಯೆ ತೂಗುಹಾಕುವ ಹಲಗೆ, ಎಲ್ಲ ಒಳಗೇ ಇದ್ದವು. ಇನ್ನು ಗಾಲಿಗಳ ಮೇಲಿಟ್ಟು ರಸ್ತೆಗುಂಟ ಎಳೆದು ಗುಡ್ಡದ ಮೇಲಿನ ಹೊಸ ಜಾಗಕ್ಕೆ ಮುಟ್ಟಿಸುವುದೊಂದು ಬಾಕಿ. ಹೊಸ ರಸ್ತೆಗೆ ಜಾಗ ಬಿಡಿಸಲು ಶನಿವಾರ ಬೆಳಿಗ್ಗೆ ಹೆದ್ದಾರಿಯವರ ಬುಲ್ಡೋಜರು ಬರುವುದಿತ್ತು. ಅಷ್ಟರೊಳಗೆ ಚರ್ಚು ಅಲ್ಲಿಂದ ಕದಲಿರಬೇಕು. ಕದಲದಿದ್ದರೆ ಅಜ್ಜ ಮುತ್ತಜ್ಜಂದಿರು ಮದುವೆಯಾದ ಚರ್ಚು ಸೌದೆಯ ರಾಶಿಯಾಗುತ್ತಿತ್ತು.

ಅಂಥ ಹೊತ್ತಿನಲ್ಲಿ, ಸೋಮವಾರ ಮಧ್ಯಾಹ್ನ, ಟ್ರಕ್ಕಿನ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ಕಚ್ಚುತ್ತಿದ್ದ ಗ್ಲೆನ್ನಾಳಿಗೆ ಕೆಂಟಕಿ ರಾಜ್ಯದ ರಾಜಧಾನಿಯಿಂದ ಫೋನು ಬಂತು.

“ಹೋಬರ್ಟ್ ಟ್ಯಾಕೆಟ್ ಅಂಡ್ ಸನ್ ಅನ್ನೋ ಹೆಸರು ಇಲ್ಲಿ ಖಾಲಿ ಇಲ್ಲ ಮೇಡಂ,” ಅಂದಳು ಕಂಪನಿಗಳನ್ನು ನೋಂದಾಯಿಸುವ ಕಚೇರಿಯ ಹೆಂಗಸು.

“ಖಾಲಿ ಇಲ್ಲ ಅಂದ್ರೆ? ಅದು ನಮ್ಮಪ್ಪನ ಹೆಸರು.”

“ಇರಬಹುದು. ಆದ್ರೆ ನಮ್ಮ ರಾಜ್ಯದಲ್ಲಿ ಅದೇ ಹೆಸರಿನ ಕಂಪನಿ ಇದೆ, ವರ್ಷಾವರ್ಷ ತಪ್ಪದೆ ವರದಿ ಕೊಡ್ತಿದೆ. ಇಬ್ಬರಿಗೆ ಒಂದೇ ಹೆಸರು ಕೊಡೋಕೆ ಬರಲ್ಲ. ನಿಮ್ಮದು ಹೊರರಾಜ್ಯದ ಕಂಪನಿ.”

“ಹೊರರಾಜ್ಯ! ಅಲ್ಲಮ್ಮಾ ತಾಯಿ, ನಮ್ಮನೆ ಅಡುಗೆಮನೆ ಕಿಟಕೀಲಿ ಬಗ್ಗಿ ನೋಡಿದ್ರೆ ನಿಮ್ಮ ರಾಜ್ಯದ ದನ ಕಾಣತ್ತೆ.”

ಆ ಕಡೆಯವಳು ನಕ್ಕಳು. ಕೆಟ್ಟವಳಲ್ಲ. “ದನಕ್ಕೆ ಪರವಾನಗಿ ಬೇಡ ಮೇಡಂ, ಕಂಪನಿಗೆ ಬೇಕು. ಎರಡು ದಾರಿ ಇದೆ. ಆ ಕಂಪನಿಯವರು ತಮ್ಮ ಹೆಸರು ಬದಲಾಯಿಸಿಕೊಂಡು ಇದನ್ನ ನಿಮಗೆ ಬಿಟ್ಟುಕೊಡ್ತೀವಿ ಅಂತ ಬರೆದುಕೊಡಬೇಕು. ಇಲ್ಲಾಂದ್ರೆ ಕೆಂಟಕೀಲಿ ಕೆಲಸ ಮಾಡೋದಕ್ಕೆ ಅಂತ ನೀವೇ ಬೇರೆ ಹೆಸರು ಇಟ್ಕೊಳ್ಳಿ. ಅದು ಸಲೀಸು, ಬೇಗ ಆಗತ್ತೆ. ಮತ್ತೆ ಅರ್ಜೀಲಿ ಒಂದು ಜಾಗ ಖಾಲಿ ಬಿಟ್ಟಿದ್ದೀರಿ. ನಮ್ಮ ರಾಜ್ಯದಲ್ಲೇ ಇರೋರೊಬ್ಬರು ನಿಮ್ಮ ಕಂಪನಿ ಪರವಾಗಿ ಕೋರ್ಟಿನ ನೋಟೀಸು ಗೀಟೀಸು ತಗೋತೀನಿ ಅಂತ ಒಪ್ಪಿ ಸಹಿ ಹಾಕ್ಬೇಕು.”

“ಆ ಕಂಪನಿ ಯಾರ ಹೆಸರಲ್ಲಿದೆ?” ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದಳು.

“ವೆಂಡೆಲ್ ಟ್ಯಾಕೆಟ್.”

ಗ್ಲೆನ್ನಾ ಉಳಿದ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ವೆಂಡೆಲ್ ಅವಳ ಒಡಹುಟ್ಟಿದ ಅಣ್ಣ. ಅಪ್ಪನ ಮಣ್ಣಿಗೆ ಬಂದವನು ಎಲ್ಲರ ಹಿಂದೆ ನಿಂತು, ಊಟಕ್ಕೂ ಕಾಯದೆ ಹೋಗಿದ್ದ. ಅದಕ್ಕೂ ಮೊದಲೇ ಎಷ್ಟೋ ವರ್ಷಗಳಿಂದ ಅವನಿಗೂ ಈ ಮನೆಗೂ ಮಾತು ಬಿಟ್ಟುಹೋಗಿತ್ತು.

ಹೆಸರನ್ನು ಆ ದಡದಲ್ಲಿ ನೋಂದಾಯಿಸದೆ ಬಿಟ್ಟ ತಪ್ಪು ಅಪ್ಪ ಹೋಬರ್ಟನದೇ. ಮನೆ ಸಾಗಿಸುವುದರಲ್ಲಿ ಅವನನ್ನು ಮೀರಿಸಿದವರು ಹೊಳೆಯ ಎರಡೂ ದಡದಲ್ಲಿ ಇರಲಿಲ್ಲ. ಅವನು ಸಾಗಿಸಿದ ಮನೆಯಲ್ಲಿ ಮೇಜಿನ ಮೇಲಿಟ್ಟ ನೀರಿನ ಲೋಟ ತುಳುಕುತ್ತಿರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಆದರೆ ಕಾಗದಪತ್ರ ಅಂದರೆ ಅವನಿಗೆ ಮೈಯೆಲ್ಲ ಉರಿ. ಒಹಾಯೋ ನದಿಯ ಈ ದಡದಲ್ಲಿ ಅವರ ಊರು ಬೆಲ್ಫರ್ ಲ್ಯಾಂಡಿಂಗ್, ಆ ದಡದಲ್ಲಿ ಕೆಂಟಕಿ; ಡ್ರೈ ಫೋರ್ಕ್ ಇರುವುದೂ ಅಲ್ಲೇ. ಈ ದಡದವರು ಆ ದಡದಲ್ಲಿ ಹೆಣ್ಣು ತರುತ್ತಾರೆ, ಆ ದಡದವರು ಈ ದಡದಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಾರೆ. ನಡುವೆ ಹರಿಯುವ ನೀರು ಎರಡು ಕಾನೂನುಗಳ ಗಡಿ ಅಂತ ಅಲ್ಲಿ ಯಾರಿಗೆ ತಾನೇ ಅನ್ನಿಸುತ್ತದೆ? ‘ಸೇತುವೆ ಕಟ್ಟಿರೋದೇ ದಾಟೋಕೆ, ಅದಕ್ಕೆ ಇನ್ಯಾರ ಅಪ್ಪಣೆ?’ ಎನ್ನುತ್ತಿದ್ದ ಹೋಬರ್ಟ್. ಹಾಗೆ ಒಂದು ಚೂರು ನೋಂದಣಿಯಿಲ್ಲದೆ ಜೀವಮಾನವೆಲ್ಲ ಆ ದಡದ ಮನೆಗಳನ್ನೂ ಎಳೆದ. ಹಳ್ಳಿಯ ರಸ್ತೆಗಳಿಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಚರ್ಚು ಸಾಗಬೇಕಾದ ರಸ್ತೆ ಹೆದ್ದಾರಿಯವರ ಕೈಗೆ ಹೋಗಿದೆ. ಅವರು ಮೊದಲನೇ ಮಾತಿಗೇ ‘ನಮ್ಮ ರಾಜ್ಯದಲ್ಲಿ ಕೆಲಸ ಮಾಡುವ ಅಧಿಕಾರ ಪತ್ರ ತನ್ನಿ, ಆಮೇಲೆ ರಸ್ತೆ’ ಅಂದುಬಿಟ್ಟರು. ಚರ್ಚನ್ನು ಎತ್ತಿ ಗಾಳಿಯಲ್ಲಿ ನಿಲ್ಲಿಸಿದ ಮೇಲೆ! ಮಗು ಹುಟ್ಟಿದ ಮೇಲೆ ಮದುವೆ ಗೊತ್ತುಮಾಡಲು ಹೊರಟಂತಾಗಿತ್ತು ಗ್ಲೆನ್ನಾಳ ಪಾಡು.

ಫೋನು ಇಟ್ಟ ಕೂಡಲೇ ಪಾದ್ರಿ ಬ್ರದರ್ ಇಮೊರಿ ಬೇಲಿ ದಾಟಿಕೊಂಡು ಬಂದರು. ತೆಳ್ಳನೆಯ ಮನುಷ್ಯ. ಚರ್ಚು ನೆಲ ಬಿಟ್ಟ ದಿನದಿಂದ ನಿದ್ದೆ ಮಾಡಿದಂತೆ ಕಾಣುತ್ತಿರಲಿಲ್ಲ. ಗ್ಲೆನ್ನಾ ಇದ್ದದ್ದು ಇದ್ದ ಹಾಗೆ ಹೇಳಿದಳು.

“ಹಾಗಾದ್ರೆ ಬೇರೆ ಹೆಸರು ಇಟ್ಟುಬಿಡು ಮಗಳೇ,” ಅಂದವರು ಅರ್ಧಕ್ಕೇ ನಿಂತರು. “ಇಲ್ಲ, ತಾಳು. ಸಭೆ ಓಟು ಹಾಕಿದ್ದು ಹೋಬರ್ಟ್ ಟ್ಯಾಕೆಟ್ ಅಂಡ್ ಸನ್‌ಗೆ. ಹೆಸರು ಬೇರೆ ಆದ್ರೆ ಮತ್ತೆ ಸಭೆ ಮುಂದೆ ಇಡಬೇಕು. ನಮ್ಮೋರು ಗೊತ್ತಲ್ಲ, ಪಿಯಾನೋ ಯಾವ ಗೋಡೆಗಿಡೋದು ಅನ್ನೋದಕ್ಕೂ ಓಟು ಹಾಕ್ತಾರೆ.”

“ಹಾಕ್ಲಿ ಬಿಡಿ. ನನಗೇ ತಾನೇ?”

ಪಾದ್ರಿ ಟೋಪಿ ತೆಗೆದು ಒಳಗೆ ನೋಡಿದರು, ಉತ್ತರ ಅಲ್ಲಿ ಬಿದ್ದಿರುವ ಹಾಗೆ. “ಅವರು ಹೋಬರ್ಟ್‌ನ ಹೆಸರು ನಂಬ್ಕೊಂಡು ಹೂಂ ಅಂದ್ರು ಗ್ಲೆನ್ನಾ. ನಮ್ಮ ಸಭೆಯ ಹಿರಿಯಳು ಸಿಸ್ಟರ್ ಓಟಿಯಂತೂ ಆವತ್ತೇ ಕೇಳಿದಳು, ಹೋಬರ್ಟ್ ಸತ್ತಮೇಲೆ ಮುಂದೆ ನಡೆಯೋರು ಯಾರು ಅಂತ. ನಾನು ಮಾತು ಹಾರಿಸಿದೆ. ದೇವರು ಕ್ಷಮಿಸ್ಲಿ.”

ಆ ಪ್ರಶ್ನೆ ಗ್ಲೆನ್ನಾಳ ಹೊಟ್ಟೆಯಲ್ಲೂ ಕೂತಿತ್ತು. ಮನೆ ಸಾಗುವಾಗ ಒಬ್ಬರು ಅದರ ಮುಂದೆ ಹಿಮ್ಮುಖವಾಗಿ ನಡೆಯಬೇಕು. ಕಣ್ಣು ಮನೆಯ ಮೇಲೆ, ಬೆನ್ನು ದಾರಿಗೆ. ಟ್ರಕ್ಕಿನವನು ದಾರಿಯನ್ನಲ್ಲ, ಆ ಎರಡು ಕೈಗಳನ್ನು ನೋಡಿ ಓಡಿಸುತ್ತಾನೆ. ಬೆರಳು ಬಿಚ್ಚಿದರೆ ಬಾ, ಮುಷ್ಟಿ ಕಟ್ಟಿದರೆ ನಿಲ್ಲು. ಹೋಬರ್ಟ್ ಅದಕ್ಕೆಂದೇ ಕೆಂಪು ಕೈಗವಸು ಹಾಕುತ್ತಿದ್ದ. ಅಪ್ಪ ಹೋದ ಮೇಲೆ ಗ್ಲೆನ್ನಾ ಕಾರಿನ ಶೆಡ್ಡು, ಜೋಳದ ಕಣಜ, ಅಂಥ ಸಣ್ಣಪುಟ್ಟದ್ದನ್ನೇ ಸಾಗಿಸಿದ್ದಳು. ಚರ್ಚಿನ ಮುಂದೆ ನಡೆಯುವುದನ್ನು ನೆನೆದರೆ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಅಪ್ಪನ ಹೆಸರು ತಲೆಯ ಮೇಲಿದ್ದರೆ ಹೇಗೋ ನಡೆದುಬಿಡಬಹುದು ಎಂದು ಅಷ್ಟು ದಿನ ಧೈರ್ಯ ಹೇಳಿಕೊಂಡಿದ್ದಳು. ಈಗ ಆ ಹೆಸರೂ ಕೈಬಿಟ್ಟಿತು.

“ಹೆಸರು ತರ್ತೀನಿ,” ಅಂದಳು. “ವೆಂಡೆಲ್ ಹತ್ರ ಹೋಗ್ತೀನಿ.”

ಟ್ರಕ್ಕಿನ ಅಡಿಯಲ್ಲಿ ಗ್ರೀಸು ಹಚ್ಚುತ್ತಿದ್ದ ಡ್ರೈವರ್ ಬರ್ಲ್ ತಲೆ ಹೊರಗೆ ಹಾಕಿದ. ಅಪ್ಪನ ಕಾಲದ ಆಳು, ಬಾಯಿಗೆ ಬೀಗವಿಲ್ಲ. “ಹೋಗು ಹೋಗು. ಕತ್ತೆ ಹತ್ರ ಹಾಲು ಕೇಳು. ಒದ್ರೆ ನನ್ ಹತ್ರ ಬರ್ಬೇಡ.”

ಮಂಗಳವಾರ ಸಂಜೆ ಅವಳು ವೆಂಡೆಲ್‌ನ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿದಳು. ಅಂಗಳದಲ್ಲಿ ಹಳದಿ ಶಾಲಾ ಬಸ್ಸು ನಿಂತಿತ್ತು. ಮನೆ ಸಾಗಿಸುವ ಕೆಲಸ ಬಿಟ್ಟು ಅವನು ಬಸ್ಸು ಓಡಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಮತ್ತೆ ಆ ಕಂಪನಿಯನ್ನು ಯಾಕೆ ಜೀವಂತ ಇಟ್ಟುಕೊಂಡಿದ್ದಾನೆ? ಹಟಕ್ಕೆ. ಇನ್ನೇನು? ಟ್ಯಾಕೆಟ್ ಮನೆತನದಲ್ಲಿ ಹಟಕ್ಕೇನು ಬರವೇ?

ಬಾಗಿಲು ತೆಗೆದವಳು ಅವನ ಹೆಂಡತಿ ಲೂ ಆನ್. ಒಂದು ಗಳಿಗೆ ಬಾಯಿ ಬಿಟ್ಟು ನಿಂತು, ಆಮೇಲೆ ಗ್ಲೆನ್ನಾಳನ್ನು ತಬ್ಬಿಕೊಂಡೇ ಒಳಗೆ ಎಳೆದಳು. “ಬಾ ಚಿನ್ನಾ, ಬಾ. ಹುರುಳಿ ಬೇಯ್ತಿದೆ, ಜೋಳದ ಬ್ರೆಡ್ಡು ಈಗ್ತಾನೆ ತೆಗ್ದೆ. ಏಯ್ ವೆಂಡೆಲ್, ಯಾರು ಬಂದಿದಾರೆ ನೋಡು.”

ವೆಂಡೆಲ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ತಲೆ ನೆರೆತಿತ್ತು. ಕೂತ ಭಂಗಿ ಅಪ್ಪನದೇ.

“ಏನು, ದಾರಿ ತಪ್ತಾ?” ಅಂದ.

“ತಪ್ಪಲಿಲ್ಲ. ಸೇತುವೆ ಇನ್ನೂ ಅಲ್ಲೇ ಇದೆ, ನೀನೇ ಮರ್ತಿರಬೇಕು.”

“ಕೊಂಕು ಆಡೋಕೆ ಇಷ್ಟು ದೂರ ಬಂದ್ಯಾ?”

“ನಿನ್ನ ಹತ್ರ ಕೇಳೋಕೆ ಬಂದೆ.” ಗ್ಲೆನ್ನಾ ನಿಂತೇ ಎಲ್ಲ ಹೇಳಿದಳು. ಚರ್ಚು ತೊಲೆಯ ಮೇಲಿರುವುದು, ಶನಿವಾರದ ಬುಲ್ಡೋಜರು, ಅವನು ಬಿಟ್ಟುಕೊಡಬೇಕಾದ ಹೆಸರು. ಕೈಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. “ನಿನಗೆ ಉಪಯೋಗ ಇಲ್ವಲ್ಲ. ನೀನೀಗ ಬಸ್ಸು ಓಡಿಸ್ತೀಯ. ನಿನ್ನ ಕಂಪನಿಗೆ ಬೇರೆ ಯಾವ ಹೆಸರಾದ್ರೂ ಇಟ್ಕೋ, ಇದೊಂದು ಸಹಿ ಹಾಕು.”

“ಅದನ್ನೇ ನಾನೂ ಹೇಳೋದು!” ಲೂ ಆನ್ ಒಲೆಯ ಮುಂದಿನಿಂದ ಕೂಗಿದಳು. “ಹಾಲು ಕೊಡದ ಹಸುಗೆ ವರ್ಷಾವರ್ಷ ಹುಲ್ಲು ಹಾಕ್ತಾನೆ. ಅಪ್ಪನ್ನ ಬಿಟ್ಟು ಬಂದು ಅದೇ ಹೆಸರಲ್ಲಿ ಇಲ್ಲಿ ಕಂಪನಿ ಮಾಡ್ದ, ಮೂರು ಮನೆ ಎಳೆದ, ಮುಗೀತು. ಆದ್ರೂ ಬೇಸಿಗೆ ಬಂತು ಅಂದ್ರೆ ಆ ವರದಿ ಕಳಿಸದೆ ಅನ್ನ ಇಳಿಯಲ್ಲ ಇವನಿಗೆ.”

“ಸುಮ್ನಿರೆ.” ವೆಂಡೆಲ್ ಕಾಗದವನ್ನು ಬೆರಳಲ್ಲಿ ದೂಡಿದ. “ಇಲ್ಲ ಗ್ಲೆನ್ನಾ. ಕೊಡಲ್ಲ.”

“ಚರ್ಚು ಕಣೋ ಅದು! ನಿನ್ನ ಮದುವೆ ಆಗಿದ್ದೂ ಅಲ್ಲೇ.”

“ಗೊತ್ತು.”

“ಮತ್ತೆ? ಸತ್ತವರ ಮೇಲೆ ಇನ್ನೂ ಯಾತರ ಹಗೆ? ಅಪ್ಪ ಮಣ್ಣಲ್ಲಿದಾನೆ!”

ವೆಂಡೆಲ್‌ನ ಮುಖ ಕೆಂಪಾಯಿತು. “ಊರ ಮುಂದೆ ಅವಮಾನ ಮಾಡಿದ ನನಗೆ. ಡಾಕ್ಟರ ಮನೆ ಎಳೀತಿದ್ವಿ. ಅಪ್ಪನ ಮಂಡಿ ನೋವು ಅಂತ ನಾನು ಮುಂದೆ ನಡೀತಿದ್ದೆ. ತಿರುವಲ್ಲಿ ಬಾ ಅಂದೆ, ಮನೆ ಜಗಲಿ ಲೈಟುಕಂಬಕ್ಕೆ ಸಿಕ್ತು, ಚಿಮಣಿ ರಸ್ತೆ ಮೇಲೆ ಬಿತ್ತು. ನನ್ನ ತಪ್ಪೇ. ಇಲ್ಲ ಅಂದ್ನಾ? ಅಷ್ಟು ಜನ ನಿಂತಿದ್ರು. ಕೆಂಪು ಗವಸು ನನ್ನ ಕೈಯಿಂದ ಕಿತ್ಕೊಂಡು ‘ನಾಳೆಯಿಂದ ಹಿಂದಿನ ಚಕ್ರ ಕಾಯಿ ಹೋಗು’ ಅಂದ. ಹಿಂದಿನ ಚಕ್ರ! ಕೆಲಸಕ್ಕೆ ಸೇರಿದ ಮೊದಲನೇ ದಿನ ಹೈಕಳನ್ನ ನಿಲ್ಲಿಸೋ ಜಾಗ.”

ಗ್ಲೆನ್ನಾಳಿಗೆ ಕೋಪ ಎಲ್ಲಿತ್ತೋ, ನೆತ್ತಿಗೇರಿತು.

“ಆ ಜಾಗದಲ್ಲಿ ನಾನು ಇಪ್ಪತ್ತು ವರ್ಷ ನಿಂತಿದ್ದೆ, ವೆಂಡೆಲ್. ಧೂಳು ಕುಡ್ಕೊಂಡು. ನನಗ್ಯಾರೂ ಅವಮಾನ ಆಯ್ತು ಅನ್ಲಿಲ್ಲ.”

ಲೂ ಆನ್ ಸೌಟು ಹಿಡಿದು ನಿಂತಲ್ಲೇ ನಿಂತಳು.

ವೆಂಡೆಲ್ ಮೆಲ್ಲಗೆ ಅಂದ: “ನಿನಗೆ ಅರ್ಥ ಆಗಲ್ಲ. ಮನೆಯಿಂದ ತೆಗೆದ, ಕೆಲಸದಿಂದ ತೆಗೆದ, ಉಯಿಲಿಂದ ತೆಗೆದ. ಆ ಹೆಸರಲ್ಲಿರೋ ‘ಮಗ’ ನಾನು. ಅದೊಂದೇ ಕಡೆ ನಾನು ಉಳಿದಿರೋದು. ಅವನು ಒಂದಿನ ಬಂದು ಬಾಗಿಲು ತಟ್ಟಿ, ಆ ಹೆಸರು ವಾಪಸ್ ಕೊಡೋ ಅಂತ ಕೇಳ್ತಾನೆ ಅಂದ್ಕೊಂಡಿದ್ದೆ. ಬರ್ಲಿಲ್ಲ. ನನ್ನ ಹತ್ರ ಬರೋದಕ್ಕಿಂತ ಕದ್ದುಮುಚ್ಚಿ ಈ ಕಡೆ ಕೆಲಸ ಮಾಡೋದೇ ವಾಸಿ ಅನ್ನಿಸ್ತು ಅವನಿಗೆ. ಅಲ್ಲಿ ಕಾಗದದಲ್ಲಿ ಇದ್ರೂ ಮನಸ್ಸಿಂದ ನನ್ನ ಎಂದೋ ಅಳಿಸಿ ಹಾಕಿರ್ತಾನೆ. ಇಲ್ಲಿ ನಾನು ಅಳಿಸೋಕೆ ಬಿಡಲ್ಲ.”

ಈಗ ಗ್ಲೆನ್ನಾಳದು ಅತ್ತ ದರಿ ಇತ್ತ ಪುಲಿ. ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಹೇಳಿದರೆ ಅವನು ಸಹಿ ಹಾಕುತ್ತಾನೆ, ಅನುಮಾನವಿಲ್ಲ. ಆದರೆ ಅದನ್ನು ಹೇಳುವುದೆಂದರೆ ತಾನೇ ತನಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿಕೊಳ್ಳದಿದ್ದುದನ್ನು ಅಣ್ಣನೆದುರು, ಅತ್ತಿಗೆಯೆದುರು ಬಿಚ್ಚಿಡುವುದು. ಕಿಟಕಿಯಾಚೆ ತನ್ನ ಟ್ರಕ್ಕು ನಿಂತಿದ್ದುದು ಕಾಣುತ್ತಿತ್ತು. ಗುಡ್ಡದ ಮೇಲಿನ ಚರ್ಚಿನ ಖಾಲಿ ಜಾಗ ನೆನಪಾಯಿತು.

“ಹೊರಗೆ ಹೋಗಿ ಟ್ರಕ್ಕಿನ ಬಾಗಿಲು ನೋಡ್ಕೊಂಡು ಬಾ,” ಅಂದಳು.

“ಯಾಕೆ?”

“ನೋಡು ಹೋಗು ಅಂದೆ.”

ಅವನು ಹೋಗಲಿಲ್ಲ. ಕಿಟಕಿಯ ಹತ್ತಿರ ಬಗ್ಗಿದ. ಇಳಿಬಿಸಿಲಲ್ಲಿ ಬಾಗಿಲ ಮೇಲಿನ ಬಿಳಿ ಅಕ್ಷರ ಚೆನ್ನಾಗಿ ಓದಬಹುದಾಗಿತ್ತು: ಹೋಬರ್ಟ್ ಟ್ಯಾಕೆಟ್ ಅಂಡ್ ಸನ್.

“ನೀನು ಹೋದ ಮೇಲೂ ಪ್ರತಿ ವಸಂತಕ್ಕೆ ಅಪ್ಪ ಆ ಅಕ್ಷರ ತಾನೇ ಕೂತು ತಿದ್ದುತಾ ಇದ್ದ. ಬಣ್ಣದ ಡಬ್ಬಿ ಹಿಡೀತಿದ್ದವಳು ನಾನು. ತನ್ನ ಹೆಸರನ್ನ ಗೀಚಿ ಬಿಸಾಕೋನು. ‘ಸನ್’ ಬಂದಾಗ ಮಾತ್ರ ಉಸಿರು ಬಿಗಿಹಿಡಿದು ಬರೆಯೋನು. ಒಂದು ವರ್ಷ ಕೇಳ್ದೆ, ಅಪ್ಪಾ, ‘ಅಂಡ್ ಡಾಟರ್’ ಅಂತನೂ ಸೇರಿಸೋ, ನಾನೂ ಇದೀನಲ್ಲ ಅಂತ. ‘ಜಾಗ ಸಾಲಲ್ಲ’ ಅಂದ.” ಗ್ಲೆನ್ನಾ ಕುರ್ಚಿ ಎಳೆದು ಕೂತಳು. “ಅವನು ಊಟಕ್ಕೆ ಹೋದಾಗ ಟೇಪು ತಗೊಂಡು ಅಳೆದೆ. ಜಾಗ ಇತ್ತು ವೆಂಡೆಲ್. ಬೇಕಾದಷ್ಟಿತ್ತು. ಜಿಪುಣತನ ಅಂದ್ಕೊಂಡೆ, ಮುದುಕನ ಮೊಂಡು ಅಂದ್ಕೊಂಡೆ. ಅಲ್ಲ. ನೀನು ಬರ್ತೀಯ ಅಂತ ಕಾಯ್ಕೊಂಡಿದ್ದ. ಬಾಯಲ್ಲಿ ಕರೆಯೋ ಯೋಗ್ಯತೆ ಇರ್ಲಿಲ್ಲ, ಬಾಗಿಲ ಮೇಲೆ ಬರ್ಕೊಂಡ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸರಿಯಾಗೇ ಹೇಳ್ತಾರೆ. ಪಕ್ಕದಲ್ಲಿ ನಿಂತೋಳು ಕಾಣಲಿಲ್ಲ.”

ವೆಂಡೆಲ್ ಎದ್ದು ತೊಟ್ಟಿಯ ಹತ್ತಿರ ಹೋಗಿ ನಲ್ಲಿ ತಿರುಗಿಸಿದ. ಕೈ ತೊಳೆಯಲಿಲ್ಲ, ಮುಖ ತೊಳೆಯಲಿಲ್ಲ. ಸುಮ್ಮನೆ ನೀರು ಬಿಟ್ಟುಕೊಂಡು ಬೆನ್ನು ಹಾಕಿ ನಿಂತ. ಭುಜ ಅಲುಗುತ್ತಿತ್ತು. ಲೂ ಆನ್ ಹೋಗಿ ನಲ್ಲಿ ನಿಲ್ಲಿಸಿದಳು.

ತಿರುಗಿ ಬಂದವನು ಪೆನ್ನು ಎತ್ತಿಕೊಂಡ. “ಎಲ್ಲಿ ಸಹಿ?”

ಅದಕ್ಕೇ ಬಂದಿದ್ದಳು. ಅವಳು ಬೆರಳಿಟ್ಟು ತೋರಿಸಿದ್ದರೆ ಆಗುತ್ತಿತ್ತು. ಆದರೆ ಗ್ಲೆನ್ನಾ ತನಗೇ ಅಚ್ಚರಿಯಾಗುವಂತೆ ಅಂಗೈ ಅಗಲಿಸಿ ಕಾಗದದ ಮೇಲಿಟ್ಟಳು.

“ಬೇಡ.”

“ಏನೇ ಇದು? ಈಗ್ತಾನೆ ನನ್ನ ಚರ್ಮ ಸುಲಿದೆಯಲ್ಲ ಇದಕ್ಕೆ?”

“ಹೌದು. ಹೇಳ್ತಾ ಹೇಳ್ತಾ ನನ್ನ ಕಿವಿಗೂ ಬಿತ್ತು. ಆ ಹೆಸರಲ್ಲಿ ನಾನಿಲ್ಲ. ಅದನ್ನ ಹೊತ್ಕೊಂಡು ನಡೆದ್ರೆ ಮುಂದೆ ನಡೆದ್ರೂ ಹಿಂದಿನ ಚಕ್ರದಲ್ಲೇ ಇದ್ದ ಹಾಗೆ. ನೀನೇ ಇಟ್ಕೋ, ಅಪ್ಪ ನಿನಗೇ ಬರೆದಿದ್ದು.” ಅವಳು ಕಾಗದ ಮಡಿಸಿ ಇನ್ನೊಂದನ್ನು ತೆಗೆದಳು. “ಇದಕ್ಕೆ ಸಹಿ ಹಾಕು. ಈ ಕಡೆ ಇರೋರು ಯಾರಾದ್ರೂ ನನ್ನ ಪರವಾಗಿ ನಿಲ್ಲಬೇಕಂತೆ. ಯಾರ ಹೆಸರು ಬರೀಲಿ ಅಂತ ನನಗೆ ಹೊಳೆದೇ ಇರ್ಲಿಲ್ಲ.”

ವೆಂಡೆಲ್ ಕನ್ನಡಕ ಹಾಕಿಕೊಂಡು ಓದಿದ. “ನಿನ್ನ ಮೇಲೆ ಯಾರಾದ್ರೂ ದಾವೆ ಹಾಕಿದ್ರೆ ನೋಟೀಸು ನನ್ನ ಮನೆಗೆ ಬರತ್ತಾ?”

“ಹೂಂ. ಬೈಯೋರೆಲ್ಲ ನಿನ್ನ ಬಾಗಿಲಿಗೇ ಬರ್ತಾರೆ.”

“ಒಳ್ಳೆ ಉಡುಗೊರೆ ತಂದೆ.” ಅವನು ಸಹಿ ಹಾಕಿದ. ಆಮೇಲೆ ಎಷ್ಟೋ ಕಾಲದಿಂದ ಯಾರೂ ಕರೆಯದ ಹೆಸರಲ್ಲಿ ಕರೆದ: “ಹುರುಳಿ ತಿಂದ್ಕೊಂಡು ಹೋಗೇ, ಗುಬ್ಬಿ.”

ಬುಧವಾರ ಬೆಳಿಗ್ಗೆ ಗ್ಲೆನ್ನಾ ಹೊಸ ಅರ್ಜಿ ಕಳಿಸಿದಳು. ಕೆಂಟಕಿಯಲ್ಲಿ ಬಳಸುವ ಹೆಸರು ಎಂಬ ಕಡೆ ‘ಗ್ಲೆನ್ನಾ ಟ್ಯಾಕೆಟ್, ಮನೆ ಸಾಗಿಸುವವರು’ ಎಂದು ಬರೆಯುವಾಗ ಕಳ್ಳತನ ಮಾಡಿದವಳಂತೆ ಅತ್ತಿತ್ತ ನೋಡಿದಳು. ರಾಜಧಾನಿಯ ಆ ಹೆಂಗಸು ಫೋನಿನಲ್ಲಿ “ಈ ಹೆಸರು ಯಾರದೂ ಇಲ್ಲ ಮೇಡಂ, ನಾಳೆಗೆ ಪತ್ರ ಕೊಡ್ತೀನಿ” ಅಂದಳು. ಯಾರದೂ ಇಲ್ಲ! ಇಷ್ಟು ವರ್ಷ ಖಾಲಿ ಬಿದ್ದಿತ್ತು ಪಾಪದ್ದು. ವಿಮೆಯವನಿಗೆ ಹೇಳಿ ಅದೇ ಹೆಸರನ್ನು ಪಾಲಿಸಿಗೂ ಸೇರಿಸಿದ್ದಾಯಿತು.

ಆದರೆ ಅವಳಿಗೆ ಭಯವಿದ್ದದ್ದು ಕಚೇರಿಯದಲ್ಲ. ಸಂಜೆಯ ಪ್ರಾರ್ಥನಾ ಕೂಟ ಚರ್ಚಿಲ್ಲದ ಕಾರಣ ಶಾಲೆಯ ಊಟದ ಕೋಣೆಯಲ್ಲಿ ಸೇರಿತ್ತು. ದೊಡ್ಡವರೆಲ್ಲ ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೊತ್ತಿಕೊಂಡು ಕೂತಿದ್ದರು. ಬ್ರದರ್ ಇಮೊರಿ ಹೆಸರು ಬದಲಾದದ್ದನ್ನು ಹೇಳಿ, ಗ್ಲೆನ್ನಾಳನ್ನು ನಿಲ್ಲಿಸಿದರು.

ಸಿಸ್ಟರ್ ಓಟಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಊರಿಗೆಲ್ಲ ಹಿರಿಯಳು, ಅವಳಿಗೆ ಅಂಜದವರಿಲ್ಲ. “ಹೆಸರಿಗೆ ಬೆಂಕಿ ಬೀಳ್ಲಿ. ನಾನು ಕೇಳೋದು ಒಂದೇ. ಮುಂದೆ ಯಾರು ನಡೀತಾರೆ?”

‘ವೆಂಡೆಲ್’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನನ್ನು ಕೇಳಿರಲೂ ಇಲ್ಲ.

“ನಾನು,” ಅಂದಳು ಗ್ಲೆನ್ನಾ.

“ಹೆದರಿಕೆ ಇದ್ಯಾ?”

“ಇದೆ.”

“ಹೋಬರ್ಟ್‌ಗೂ ಇತ್ತು. ನನ್ನ ಮನೆ ಎಳೆಯೋ ಮುಂಚೆ ನಮ್ಮ ಕೋಳಿಗೂಡಿನ ಹಿಂದೆ ಹೋಗಿ ವಾಂತಿ ಮಾಡಿದ್ದ. ಹೆದರಿಕೆ ಇಲ್ಲ ಅಂದಿದ್ರೆ ನಿನಗೆ ನನ್ನ ಓಟು ಇರ್ತಿರ್ಲಿಲ್ಲ.” ಮುದುಕಿ ಕೈ ಎತ್ತಿದಳು. ಹಿಂದೆಯೇ ಉಳಿದ ಕೈಗಳೂ ಒಂದೊಂದಾಗಿ ಎದ್ದವು. ಎಲ್ಲವೂ ಅಲ್ಲ, ಆದರೆ ಸಾಕಾಗುವಷ್ಟು.

ಪತ್ರ ಗುರುವಾರ ಬಂತು, ರಸ್ತೆಯ ಅಪ್ಪಣೆ ಅದರ ಬೆನ್ನಿಗೇ ಸಿಕ್ಕಿತು. ಶುಕ್ರವಾರ ಬೆಳಕು ಹರಿಯುವಾಗ ಡ್ರೈ ಫೋರ್ಕಿನವರೆಲ್ಲ ಮಡಚುವ ಕುರ್ಚಿ, ಕಾಫಿ ಫ್ಲಾಸ್ಕು ಹಿಡಿದು ರಸ್ತೆಯ ಅಂಚಿಗೆ ಬಂದು ಕೂತಿದ್ದರು. ಚರ್ಚು ಗಾಲಿಗಳ ಮೇಲಿತ್ತು. ಟ್ರಕ್ಕಿನ ಬಾಗಿಲಿಗೆ ಗ್ಲೆನ್ನಾ ಕಾಗದದ ಮೇಲೆ ಬರೆದ ತನ್ನ ಹೆಸರನ್ನು ಟೇಪು ಹಾಕಿ ಅಂಟಿಸಿದ್ದಳು, ಹಳೆಯ ಅಕ್ಷರ ಮುಚ್ಚದ ಹಾಗೆ, ಕೆಳಗೆ. ಜಾಗ ಸಾಕಾಗಿತ್ತು.

ವೆಂಡೆಲ್ ಬಂದದ್ದನ್ನು ಮೊದಲು ಕಂಡವನು ಬರ್ಲ್. “ಓಹೋ, ಬಸ್ಸಿನ ಸಾಹೇಬರು! ಇಲ್ಲಿ ಹಾರ್ನ್ ಹೊಡೆದ್ರೆ ಯಾರೂ ಜಾಗ ಬಿಡಲ್ಲ, ತಿಳ್ಕೋ.”

“ನಿನ್ನ ಮೀಸೆ ಇನ್ನೂ ಬದುಕಿದ್ಯಲ್ಲೋ,” ಅಂದ ವೆಂಡೆಲ್. ಆದರೆ ಅವನ ಕಣ್ಣು ಗ್ಲೆನ್ನಾಳ ಕೈಯಲ್ಲಿದ್ದ ಕೆಂಪು ಗವಸಿನ ಮೇಲಿತ್ತು.

ಗ್ಲೆನ್ನಾಳಿಗೆ ಬೆಳಿಗ್ಗೆ ಕುಡಿದ ಕಾಫಿ ಕೂಡ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಅಣ್ಣನನ್ನು ಕಂಡದ್ದೇ ಅವಳ ಧೈರ್ಯವೆಲ್ಲ ಸೋರಿಹೋಯಿತು. ಗವಸು ಮುಂದೆ ಚಾಚಿದಳು. “ನೀನೇ ನಡಿ ವೆಂಡೆಲ್. ನನ್ನ ಕೈಲಾಗಲ್ಲ.”

ಅವನು ಗವಸನ್ನು ತೆಗೆದುಕೊಂಡ, ಒಂದು ಗಳಿಗೆ ಹಿಡಿದು ನೋಡಿದ. ಆಮೇಲೆ ಅವಳ ಕೈ ಎಳೆದು, ಶಾಲೆಗೆ ಹೊರಟ ಮಗುವಿಗೆ ಹಾಕುವಂತೆ ಒಂದೊಂದೇ ಬೆರಳು ಸೇರಿಸಿ ತೊಡಿಸಿದ.

“ಹಿಂದಿನ ಚಕ್ರ ಕಾಯೋರು ಯಾರು?”

“ಯಾರೂ ಇಲ್ಲ. ಅದು ನಾನೇ ಆಗಿದ್ದೆ.”

“ಸರಿ ಮತ್ತೆ,” ಅಂದವನೇ ಟೋಪಿ ಒತ್ತಿಕೊಂಡು ಚರ್ಚಿನ ಹಿಂದೆ ನಡೆದುಹೋದ.

ಗ್ಲೆನ್ನಾ ರಸ್ತೆಯ ನಡುವೆ ನಿಂತು ದಾರಿಗೆ ಬೆನ್ನು ಹಾಕಿದಳು. ಎರಡೂ ಕೈ ಎತ್ತಿ ಬೆರಳು ಬಿಚ್ಚಿದಳು. ಬರ್ಲ್ ಟ್ರಕ್ಕನ್ನು ಕದಲಿಸಿದ. ಮರ ನರಳಿತು, ಗೋಪುರದ ಗಂಟೆ ತಾನಾಗಿ ಒಮ್ಮೆ ಢಣ್ ಎಂದಿತು, ಚರ್ಚು ಅವಳ ಕಡೆಗೆ ಬರತೊಡಗಿತು. ಅವಳು ಹೆಜ್ಜೆ ಹಿಂದಿಟ್ಟಷ್ಟೇ ಅದು ಮುಂದೆ ಬರುತ್ತಿತ್ತು. ಮೊದಲ ಅರ್ಧ ಮೈಲಿ ಅವಳು ಉಸಿರಾಡಿದ್ದಳೋ ಇಲ್ಲವೋ ಅವಳಿಗೇ ತಿಳಿಯದು.

ಹಳ್ಳದ ಬಳಿ ರಸ್ತೆ ಬಲಕ್ಕೆ ತಿರುಗಿ ಏರು ಹಿಡಿಯುತ್ತದೆ. ಮುಂದಿನ ಗಾಲಿಗಳು ಮೋರಿ ದಾಟಿದವು. ಒಂದು ಕಡೆ ವಿದ್ಯುತ್ ಕಂಬ, ಇನ್ನೊಂದು ಕಡೆ ಸೀಡರ್ ಮರ, ಎರಡಕ್ಕೂ ಗೋಡೆ ತಾಗದೆ ನಡುವೆ ತೂರುತ್ತದೆ ಎಂದು ಗ್ಲೆನ್ನಾಳಿಗೆ ಖಾತ್ರಿಯಾಯಿತು. ಬಾ ಎಂದು ಬೆರಳು ಬಿಚ್ಚಿದಳು.

“ನಿಲ್ಸೂ! ಗುಬ್ಬೀ, ನಿಲ್ಸು!”

ಚರ್ಚಿನ ಹಿಂಬದಿಯಿಂದ ಬಂದ ಕೂಗು. ಯೋಚಿಸುವ ಮೊದಲೇ ಅವಳ ಮುಷ್ಟಿ ಬಿಗಿಯಿತು. ಬರ್ಲ್ ಬ್ರೇಕು ಒತ್ತಿದ. ಗೋಪುರ ಒಮ್ಮೆ ತೂಗಿ ನಿಂತಿತು. ರಸ್ತೆಯಂಚಿನಲ್ಲಿ ಯಾರೋ ಹೆಂಗಸು “ದೇವರೇ” ಅಂದಳು.

ಗ್ಲೆನ್ನಾ ಓಡಿದಳು. ಹಿಂದಿನ ಬಲಗಡೆಯ ಗಾಲಿ ಮೋರಿಯ ಅಂಚಿನಿಂದ ಗೇಣು ದೂರದಲ್ಲಿತ್ತು. ಅದರ ಕೆಳಗಿನ ಮಣ್ಣು ಆಗಲೇ ಪುಡಿಪುಡಿಯಾಗಿ ಹಳ್ಳಕ್ಕೆ ಉದುರುತ್ತಿತ್ತು. ವೆಂಡೆಲ್ ಗಾಲಿಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ. ಟೋಪಿ, ಹುಬ್ಬು, ತುಟಿ, ಎಲ್ಲ ಧೂಳು. ಇನ್ನೊಂದು ಮಾರು ಮುಂದೆ ಬಂದಿದ್ದರೆ ಚರ್ಚು ಮಗ್ಗುಲಾಗಿ ಹಳ್ಳ ಸೇರುತ್ತಿತ್ತು. ಮುಂದಿನಿಂದ ಅದು ಕಾಣುವ ಹಾಗೆಯೇ ಇರಲಿಲ್ಲ.

ಅವರು ಮೋರಿಯ ಅಂಚಿಗೆ ದಪ್ಪ ಹಲಗೆಗಳನ್ನು ಹಾಸಿ, ಗಾಲಿಯನ್ನು ಎಡಕ್ಕೆ ತಿರುಗಿಸಿ ಸರಿಪಡಿಸಿದರು. ಗ್ಲೆನ್ನಾ ಮುಂದಕ್ಕೆ ಹೋಗಲು ಎದ್ದಾಗ ವೆಂಡೆಲ್ ಚರ್ಚಿನ ಹಿಂಗೋಡೆಯನ್ನು ನೋಡುತ್ತಿದ್ದ. ಅಲ್ಲಿಂದ ಟ್ರಕ್ಕು ಕಾಣುತ್ತಿರಲಿಲ್ಲ, ಮುಂದೆ ನಡೆಯುವವರು ಕಾಣುತ್ತಿರಲಿಲ್ಲ. ಬಿಳಿಯ ಹಲಗೆಗಳು, ಧೂಳು, ಅಷ್ಟೇ.

“ಇಲ್ಲಿ ನಿಂತ್ಕೊಂಡೇ ಇಪ್ಪತ್ತು ವರ್ಷ ಕಳೆದ್ಯಾ?” ಅಂದ.

“ಹೂಂ.”

“ಅಪ್ಪ ಒಂದ್ಸಲನಾದ್ರೂ ಹಿಂದೆ ಬಂದು ನೋಡಿದ್ನಾ?”

“ಇಲ್ಲ. ನಾನು ಕೂಗಿದ್ರೆ ನಿಲ್ಲಿಸ್ತಿದ್ದ. ಅಷ್ಟೇ.”

ವೆಂಡೆಲ್ ಬಾಯಲ್ಲಿದ್ದ ಮಣ್ಣು ಉಗುಳಿ, ಮತ್ತೆ ಗಾಲಿಯ ಪಕ್ಕಕ್ಕೆ ಹೋಗಿ ನಿಂತ. “ಹೋಗು, ಮುಂದೆ ನಡಿ. ಶನಿವಾರ ಇನ್ನೂ ಬಂದಿಲ್ಲ. ನಾನು ಕೂಗ್ತೀನಿ.”

ಗ್ಲೆನ್ನಾ ಟ್ರಕ್ಕಿನ ಮುಂದೆ ಹೋಗಿ, ದಾರಿಗೆ ಬೆನ್ನು ಹಾಕಿ, ಕೈ ಎತ್ತಿದಳು. ಬೆರಳು ಬಿಚ್ಚದೆ ಕಾದಳು. ಚರ್ಚಿನಾಚೆಯಿಂದ ಅಣ್ಣನ ದನಿ ಬಂತು: “ಬರ್ಲಿ ಗುಬ್ಬೀ, ಹಿಂದೆ ಸರಿಯಾಗಿದೆ.” ಆಮೇಲೆ ಬೆರಳು ಬಿಚ್ಚಿದಳು.